ಎಲ್ಲಿಗೆಂದು ರಸ್ತೆಗೇ ಗೊತ್ತಿರಲಿಲ್ಲ

ನಗರ ಯೋಜನಾ ಕಚೇರಿಯಲ್ಲಿ ಇಪ್ಪತ್ತು ವರ್ಷ ನಕ್ಷೆ ಬರೆದ ಮನುಷ್ಯನಿಗೆ ಒಂದು ದಿನ ಯೋಜನೆ ಎಂಬುದರ ಮೇಲೇ ನಂಬಿಕೆ ಹೋಯಿತೆಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಅದಕ್ಕೆ ಇಪ್ಪತ್ತು ವರ್ಷ ಬೇಕಾಯಿತೆಂಬುದೇ ಆಶ್ಚರ್ಯ.

ಬೀದಿಯವರೆಲ್ಲ ಅವರನ್ನು ನಕ್ಷೆಯವರು ಎಂದು ಕರೆಯುತ್ತಿದ್ದರು. ಗೆರೆ ಎಳೆಯುವ ಕೈ ಚೆನ್ನಾಗಿತ್ತು. ಅವರು ಎಳೆದ ಸೇತುವೆಯ ಕೆಳಗೆ ನದಿ ಹರಿಯುವ ಸದ್ದು ಕೇಳಿಸುತ್ತದೆ ಎಂದು ಕಚೇರಿಯ ಸಾಹೇಬರು ಒಮ್ಮೆ ಹೊಗಳಿದ್ದುಂಟು. ಸದ್ದು ಬಿಟ್ಟರೆ ಬೇರೇನೂ ಆಗಲಿಲ್ಲ ಅನ್ನುವುದು ಬೇರೆ ಮಾತು. ನಕ್ಷೆ ಮುಗಿದ ಮೇಲೆ ಅದಕ್ಕೆ ಮೊಹರು ಬೀಳುತ್ತಿತ್ತು, ಸಹಿ ಬೀಳುತ್ತಿತ್ತು, ಆಮೇಲೆ ಜವಾನ ಅದನ್ನು ಸುರುಳಿ ಸುತ್ತಿ 'ಮಂಜೂರಾದವು' ಎಂಬ ಚೀಟಿ ಅಂಟಿಸಿದ ಕಬ್ಬಿಣದ ಬೀರುವಿಗೆ ತುರುಕಿ, ಬಾಗಿಲನ್ನು ಭುಜದಿಂದ ತಳ್ಳಿ ಮುಚ್ಚುತ್ತಿದ್ದ. ಆ ಬೀರುವಿನಿಂದ ಇಲಿ ಬಿಟ್ಟರೆ ಇನ್ನೇನೂ ಹೊರಗೆ ಬಂದದ್ದನ್ನು ಕಂಡವರಿಲ್ಲ. ಊರಿನಲ್ಲಿ ರಸ್ತೆಗಳು ಆಗುತ್ತಿರಲಿಲ್ಲ ಎಂದಲ್ಲ. ಆಗುತ್ತಿದ್ದವು. ಇನ್ಯಾವುದೋ ಇಲಾಖೆಯವರು, ಯಾವ ನಕ್ಷೆಯ ಹಂಗೂ ಇಲ್ಲದೆ, ಬೆಳಿಗ್ಗೆ ಗುದ್ದಲಿ ಹಿಡಿದು ಬಂದು ತಮಗೆ ತೋಚಿದ ಕಡೆ ಅಗೆದು ಹೋಗುತ್ತಿದ್ದರು. ಅದು ರಸ್ತೆಯಾಗಿಬಿಡುತ್ತಿತ್ತು.

ನಕ್ಷೆಯವರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡುತ್ತಿದ್ದರು. ಎರಡು ಮಿಷನ್ನು, ಒಂದು ಕತ್ತರಿಸುವ ಮೇಜು, ಇಡೀ ದಿನ ಒಂದೇ ಹದದ ಬೆಳಕು ಬರುವ ಒಂದು ದೊಡ್ಡ ಕಿಟಕಿ. ಆ ಕಿಟಕಿಗಾಗಿಯೇ ಈ ಮನೆ ತೆಗೆದುಕೊಂಡದ್ದು. ಮನೆ ನಡೆಯುತ್ತಿದ್ದದ್ದೂ ಆ ಕೋಣೆಯಿಂದಲೇ. ಗಂಡನ ಸಂಬಳ ಅದಕ್ಕೆ ಹಿಮ್ಮೇಳವಿದ್ದ ಹಾಗೆ.

ಒಂದು ದಿನ ಊರಿನ ವಾರಪತ್ರಿಕೆಯ ಸಂಪಾದಕರು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದರು. ಪತ್ರಿಕೆಯಲ್ಲಿ ಮುಕ್ಕಾಲು ಪಾಲು ಜಾಹೀರಾತು. ಉಳಿದ ಕಾಲು ಪಾಲನ್ನು ಏನಾದರೂ ಮಾಡಿ ತುಂಬಿಸುವುದೇ ಅವರ ಬದುಕಿನ ಸಂಕಟ. ಕಾಯುತ್ತ ಕೂತವರ ಕಣ್ಣು ಗೋಡೆಯ ಹಲಗೆಯ ಮೇಲೆ ಬಿತ್ತು. ಅಲ್ಲಿ ದಪ್ಪದಪ್ಪ ಅನುವಾದದ ಕಾದಂಬರಿಗಳಿದ್ದವು. ನಾಯಕ ಮೊದಲ ಪುಟದಲ್ಲಿ ಕಿಟಕಿ ಪಕ್ಕ ಕೂತವನು ನೂರನೇ ಪುಟದಲ್ಲಿ ಎದ್ದು ಕಿಟಕಿ ಮುಚ್ಚುವಂಥವು. ನಕ್ಷೆಯವರು ಅವನ್ನು ಬಲು ಭಕ್ತಿಯಿಂದ ಅರ್ಧರ್ಧ ಓದಿದ್ದರು.

"ಓದ್ತೀರೋ, ಬರೀತೀರೋ?" ಎಂದರು ಸಂಪಾದಕರು, ಸುಮ್ಮನೆ ಮಾತಿಗೆ.

"ಬರೀತಿದ್ದೀನಿ," ಎಂದುಬಿಟ್ಟರು ನಕ್ಷೆಯವರು. ಯಾಕೆ ಹಾಗೆಂದರೋ ಅವರಿಗೇ ತಿಳಿಯದು. ಮಿಷನ್ನಿನ ಸದ್ದು ನಿಂತಿತು. ಹೆಂಡತಿ ತಿರುಗಿ ನೋಡಿದರು.

"ಏನು ಕಥೆ?"

ಕಥೆ ಏನೂ ಇರಲಿಲ್ಲ. ಇಲ್ಲ ಎನ್ನಲು ಹೆಂಡತಿಯ ಕಣ್ಣು ಬಿಡಲಿಲ್ಲ. "ನಾನು ಮೊದಲೇ ಕಥೆ ಹೆಣೆದಿಟ್ಟುಕೊಂಡು ಬರೆಯೋನಲ್ಲ," ಎಂದು ನಕ್ಷೆಯವರು ಕಿಟಕಿಯಾಚೆ ನೋಡುತ್ತ ಹೇಳಿದರು. "ಕೂತ್ಕೋತೀನಿ. ಪೆನ್ನು ಹೋದ ಕಡೆ ಕಥೆ. ಮುಂದಿನ ಸಾಲು ಏನು ಅಂತ ಗೊತ್ತಾದ ಕ್ಷಣ ಕಥೆ ಸತ್ತುಹೋಗುತ್ತೆ."

"ಆಹಾ," ಎಂದರು ಸಂಪಾದಕರು. ಅವರು ಇಂಥ ಮಾತಿಗಾಗಿ ಎಷ್ಟೋ ವರ್ಷದಿಂದ ಹಸಿದಿದ್ದರು. "ಪ್ರತಿ ಶನಿವಾರ ಅರ್ಧ ಪುಟ ನಿಮ್ಮದು."

ಅವರು ಹೋದ ಮೇಲೆ ಹೆಂಡತಿ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಕೇಳಿದರು. "ಅಲ್ಲ ರೀ, ಅಳತೆ ತೆಗೀದೆ ಬಟ್ಟೆಗೆ ಕತ್ತರಿ ಹಾಕೋರನ್ನ ಟೈಲರ್ ಅಂತಾರಾ?"

"ಇದು ಕಲೆ ಕಣೇ."

"ಹಾಳಾಗೋದು ಬಟ್ಟೆ ಅಲ್ವಲ್ಲ, ಹಾಗಾದ್ರೆ ಮಾಡಿ."

ಇದಾದ ಮೇಲೆ ನಕ್ಷೆಯವರು ಮಹಡಿಯ ಬಾಲ್ಕನಿಯಲ್ಲಿ ಮೇಜು ಹಾಕಿಕೊಂಡು ಕೂತರು. ಪೆನ್ನು ಎಲ್ಲಿಗೂ ಹೋಗಲಿಲ್ಲ. ಇಪ್ಪತ್ತು ವರ್ಷ ಬರೀ ರಸ್ತೆ ಎಳೆದ ಕೈಗೆ ಇನ್ನೇನು ಬಂದೀತು? ಕೊನೆಗೆ ಒಂದು ಸಾಲು ಬಂತು: 'ನೀರಿನ ಟ್ಯಾಂಕಿನ ಬುಡದಲ್ಲಿ ಒಂದು ರಸ್ತೆ ಹುಟ್ಟಿತು. ಎಲ್ಲಿಗೆ ಹೋಗಬೇಕೆಂದು ರಸ್ತೆಗೇ ಗೊತ್ತಿರಲಿಲ್ಲ.' ಅವರಿಗೆ ಮೈ ಜುಮ್ಮೆಂದಿತು. ಆಮೇಲೆ ಏನು? ತಲೆಯೆತ್ತಿದರೆ ಬೀದಿಯ ಮೂಲೆಯಲ್ಲಿ ಔಷಧಿ ಅಂಗಡಿಯ ಹಸಿರು ಬೋರ್ಡು ಕಂಡಿತು. ಬರೆದರು: 'ನಡೆದು ನಡೆದು ರಸ್ತೆಗೆ ತಲೆನೋವು ಬಂತು. ಹಸಿರು ಬೋರ್ಡಿನ ಔಷಧಿ ಅಂಗಡಿಯ ಮುಂದೆ ನಿಂತು ಕೊಂಚ ಯೋಚಿಸಿತು. ಆಮೇಲೆ ಮುಂಬಾಗಿಲಿನಿಂದ ಒಳಗೆ ಹೋಗಿ ಹಿಂಬಾಗಿಲಿನಿಂದ ಹೊರಗೆ ಬಂತು.'

ಶನಿವಾರ ಅಚ್ಚಾಯಿತು. ಭಾನುವಾರ ಔಷಧಿ ಅಂಗಡಿಯವರು ಮನೆಗೆ ಬಂದರು. ಕೈಯಲ್ಲಿ ಕೆಮ್ಮಿನ ಸಿರಪ್ಪಿನ ಬಾಟಲಿ. ಮನೆಯಲ್ಲಿ ಯಾರಿಗೂ ಕೆಮ್ಮಿರಲಿಲ್ಲ.

"ಇರಲಿ, ಇಟ್ಕೊಳ್ಳಿ," ಎಂದು ಬಾಟಲಿಯನ್ನು ಮೇಜಿನ ಮೇಲಿಟ್ಟು, ಬಾಗಿಲು ಓರೆ ಮಾಡಿ, ಸ್ವರ ಇಳಿಸಿ ಕೇಳಿದರು. "ಎಷ್ಟಡಿ?"

"ಏನೆಷ್ಟಡಿ?"

"ರಸ್ತೆ, ನಕ್ಷೆಯವರೇ. ಅಗಲ."

"ಅಯ್ಯೋ, ಅದು ಕಥೆ."

"ಕಥೆನೇ, ಕಥೆನೇ. ಬಾಯಿ ಬಿಟ್ಟು ಹೇಳಿದ್ರೆ ನಿಮ್ಮ ಕೆಲಸಕ್ಕೇ ಸಂಚಕಾರ. ನಂಗೆ ಅಷ್ಟೂ ಅರ್ಥ ಆಗಲ್ವಾ? ಪಾಪ, ನೆರೆಹೊರೆಯವರು ಮುಳುಗಬಾರದು ಅಂತ ಹೀಗೆ ಸುತ್ತುಬಳಸಿ ತಿಳಿಸ್ತಿದ್ದೀರಿ. ಉಪಕಾರ ಮರೆಯಲ್ಲ. ಬರೀ ಇಷ್ಟು ಹೇಳಿ, ಮುಂಬಾಗಿಲಿಂದ ಬಂದು ಹಿಂಬಾಗಿಲಿಗೆ ಹೋಗುತ್ತೆ ಅಂದಿದ್ದೀರಲ್ಲ, ಎಡಗಡೆ ಗೋಡೆ ಉಳಿಯುತ್ತಾ?"

"ನಂಗೇ ಗೊತ್ತಿಲ್ಲ ಸ್ವಾಮಿ. ನಾನು ಮೊದಲೇ ಯೋಚನೆ ಮಾಡಿ ಬರೆಯಲ್ಲ. ಮುಂದಿನ ವಾರ ರಸ್ತೆ ಎಲ್ಲಿಗೆ ಹೋಗುತ್ತೋ ಬರೆದ ಮೇಲೇ ತಿಳಿಯೋದು."

ಔಷಧಿ ಅಂಗಡಿಯವರು ನಿಟ್ಟುಸಿರು ಬಿಟ್ಟರು. "ನಿಮ್ಮ ಇಲಾಖೆ ಅಂದ್ಮೇಲೆ ಹಾಗೇ ಇರುತ್ತೆ ಬಿಡಿ."

ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿ ಹಬ್ಬಿತು. ನಕ್ಷೆಯವರು ಅಲ್ಲಗಳೆದದ್ದೇ ತಪ್ಪಾಯಿತು. ಸುಳ್ಳಾಗಿದ್ದರೆ ಅಷ್ಟು ಬಲವಾಗಿ ಯಾಕೆ ಅಲ್ಲಗಳೆಯುತ್ತಿದ್ದರು ಎಂದು ಎಲ್ಲರೂ ಒಬ್ಬರನ್ನೊಬ್ಬರು ಕೇಳಿಕೊಂಡರು.

ಎರಡನೇ ವಾರ ರಸ್ತೆ, ಯಾರಿಗೂ ಒಂದು ಹೂ ಕೀಳಲು ಬಿಡದ ನಿವೃತ್ತ ಹೆಡ್ಮಾಸ್ಟರೊಬ್ಬರ ಕಾಂಪೌಂಡಿಗೆ ಒರಗಿ ನಿಂತು ಒಳಗೆ ಇಣುಕಿತು. ಅಂಥ ಹೆಡ್ಮಾಸ್ಟರು ಬೀದಿಯಲ್ಲಿ ಒಬ್ಬರೇ ಇದ್ದರು. ಅವರು ಅರ್ಧ ಪುಟದ ತುಂಬ ಕೆಂಪು ಶಾಯಿಯ ಗೀಟು ಹಾಕಿಕೊಂಡೇ ಬಂದರು.

"ಇದೇನಯ್ಯಾ, ಒರಗಿ ನಿಂತಿತು ಅಂತ ಬರೆದಿದ್ದೀಯ. ಒರಗಿ ನಿಲ್ಲೋದು ಬೇರೆ, ಒಳಗೆ ಬರೋದು ಬೇರೆ. ಇಣುಕಿದ್ದು ಅಂದ್ರೆ ಒಳಗೆ ಬರೋ ಉದ್ದೇಶ ಇದೆ ಅಂತ ಅಲ್ವಾ?"

"ಮೇಷ್ಟ್ರೇ, ಅದಕ್ಕೆ ಉದ್ದೇಶವೇ ಇಲ್ಲ."

"ಉದ್ದೇಶ ಇಲ್ಲದೇ ಜನರ ಕಾಂಪೌಂಡಲ್ಲಿ ಇಣುಕುತ್ತಾ? ಇನ್ನೂ ಕೆಟ್ಟದಾಯ್ತು." ಹೆಡ್ಮಾಸ್ಟರು ಕುರ್ಚಿ ಎಳೆದುಕೊಂಡು ಕೂತರು. "ನೋಡು, ನಾನು ಪ್ರಗತಿಗೆ ಅಡ್ಡಿ ಮಾಡೋನಲ್ಲ. ರಸ್ತೆ ಬರಲಿ. ಗೇಟಿನ ತನಕ ಬರಲಿ. ಗೇಟು ದಾಟಬಾರದು. ಮನೆ ಮುಂದೆ ಒಂದು ಒಳ್ಳೆ ರಸ್ತೆ ಇದ್ರೆ ಮನೆಗೂ ಮರ್ಯಾದೆ. ಆದ್ರೆ ಗಿಡಗಳ ಮೇಲೆ ಮಾತ್ರ ಬೇಡ. ಇಷ್ಟು ಮಾಡೋಕೆ ನಿಂಗೇನು ಕಷ್ಟ, ಒಂದು ಸಾಲು ತಾನೆ?"

ನಕ್ಷೆಯವರು ಕಥೆಯ ಸ್ವಾತಂತ್ರ್ಯದ ಬಗ್ಗೆ, ಲೇಖಕ ತನ್ನ ಪಾತ್ರಗಳ ಕೈ ಹಿಡಿದು ನಡೆಸಬಾರದೆಂಬುದರ ಬಗ್ಗೆ ದೊಡ್ಡ ಭಾಷಣವನ್ನೇ ಮಾಡಿದರು. ಹೆಡ್ಮಾಸ್ಟರು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಅಂದ್ರೆ ಸಾಹೇಬರನ್ನೇ ನೋಡಬೇಕು ಅಂತೀಯ," ಎಂದು ಎದ್ದರು. ಅವತ್ತೇ ಅವರ ವರಾಂಡದಲ್ಲಿ ಸಭೆ ಸೇರಿತು. ಬೀದಿಯವರೆಲ್ಲ ಅರ್ಜಿಗೆ ಸಹಿ ಹಾಕಿದರು. ರಸ್ತೆ ಬೇಡವೆನ್ನುವ ಅರ್ಜಿಗೆ ಸಹಿ ಹಾಕಿದವರಲ್ಲಿ ಅರ್ಧ ಜನ, ರಸ್ತೆ ತಮ್ಮ ಮನೆ ಮುಂದೆಯೇ ಬೇಕೆನ್ನುವ ಇನ್ನೊಂದು ಅರ್ಜಿಗೂ ಸಹಿ ಹಾಕಿದರು.

ಹೆಡ್ಮಾಸ್ಟರು ಆ ವಾರವೆಲ್ಲ ಬಾಲ್ಕನಿಯ ಕೆಳಗೆ ಹೋಗುತ್ತ ಬರುತ್ತ ಕೆಮ್ಮಿದರು. ಔಷಧಿ ಅಂಗಡಿಯವರ ಸಿರಪ್ಪು ಅವರಿಗೆ ಉಪಯೋಗಕ್ಕೆ ಬಂತು. ಕೆಮ್ಮಿನ ನಡುವೆ ಪೆನ್ನು ಸ್ವತಂತ್ರವಾಗಿ ಹೋಗುವುದಾದರೂ ಹೇಗೆ? ಮೂರನೇ ವಾರ ರಸ್ತೆಗೆ ಕಾಂಪೌಂಡಿನ ಸಹವಾಸ ಸಾಕಾಗಿ, ಊರಂಚಿನ ಹಳೆಯ ಇಟ್ಟಿಗೆ ಗೂಡಿನವರೆಗೆ ಹೋಗಿ ಅಲ್ಲಿ ಮಲಗಿ ನಿದ್ದೆ ಹೋಯಿತು.

ಸೋಮವಾರ ಬೆಳಗಾಗುತ್ತಲೇ ಭಾವಮೈದ ಹಾಜರು. ಹೆಂಡತಿಯ ತಮ್ಮ, ಜಾಗದ ದಲ್ಲಾಳಿ. ಯಾವತ್ತೂ ಭಾವನ ಕಾಲಿಗೆ ಬೀಳದವನು ಅಂದು ಬಗ್ಗಿ ಪಾದ ಮುಟ್ಟಿಬಿಟ್ಟ.

"ಭಾವ, ಇಟ್ಟಿಗೆ ಗೂಡಿನ ಜಾಗ ಮುಂಗಡ ಕೊಟ್ಟು ಹಿಡಿದುಬಿಟ್ಟೆ."

"ಯಾಕೋ?"

"ಯಾಕೆ ಅಂದ್ರೆ? ರಸ್ತೆ ಅಲ್ಲಿ ಮಲಗುತ್ತೆ ಅಂತ ಬರೆದಿದ್ದೀರಲ್ಲ. ರಸ್ತೆ ಮಲಗೋದು ಅಂದ್ರೆ ಬಸ್ ನಿಲ್ದಾಣ. ಇದು ಮಗುವಿಗೂ ಗೊತ್ತಾಗುತ್ತೆ." ಮತ್ತೆ ಅಕ್ಕನ ಕಡೆ ತಿರುಗಿದ. "ಅಕ್ಕ, ಭಾವನ್ನ ಇಷ್ಟು ವರ್ಷ ನಾವೆಲ್ಲ ದಡ್ಡ ಅಂದ್ಕೊಂಡಿದ್ವಲ್ಲ."

"ನಾವೆಲ್ಲ ಅನ್ಬೇಡ," ಎಂದರು ಅಕ್ಕ. "ಈಗಲೂ ಅಂದ್ಕೊಂಡಿರೋರು ಇದ್ದಾರೆ."

ಹೀಗೆ ಹೇಳಿದರೂ, ಅವನು ಹೋದ ಮೇಲೆ ಅವರು ಮಿಷನ್ನು ನಿಲ್ಲಿಸಿ ಗಂಡನ ಎದುರು ಬಂದು ನಿಂತರು. "ಹೌದಾ ರೀ? ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ನಂಗಾದ್ರೂ ಹೇಳಬಾರದಾ?"

"ಏನೂ ಇಲ್ಲ ಕಣೇ. ನಿನ್ನಾಣೆಗೂ ಕಥೆ."

"ಕಥೆ ಹೇಳ್ಬೇಡಿ," ಎಂದು ಅವರು ಮತ್ತೆ ಮಿಷನ್ನಿಗೆ ಹೋದರು.

ಆ ದಿನ ಕಚೇರಿಯಲ್ಲಿ ಸಾಹೇಬರು ಕರೆಸಿದರು. ಸಾಹೇಬರ ಮೇಜಿನ ಮೇಲೆ ಅರ್ಜಿಗಳ ಗುಡ್ಡೆ. ಪಕ್ಕದಲ್ಲಿ ವಾರಪತ್ರಿಕೆಯ ಮೂರು ಸಂಚಿಕೆ.

"ಸರ್, ತಪ್ಪಾಯ್ತು. ಅದು ಬರೀ…"

"ಕೂತ್ಕೋ," ಎಂದರು ಸಾಹೇಬರು. ಆ ಕುರ್ಚಿಯಲ್ಲಿ ನಕ್ಷೆಯವರು ಈ ಮೊದಲು ಕೂತದ್ದಿಲ್ಲ. "ಮೇಲಿನವರು ಫೋನ್ ಮಾಡಿದ್ರು. ಈ ಕಚೇರಿಯ ಯೋಜನೆಯೊಂದಕ್ಕೆ ಜನ ವಿರೋಧ ಮಾಡ್ತಿರೋದು ಇದೇ ಮೊದಲಂತೆ. ಇಷ್ಟು ವಿರೋಧ ಬರಬೇಕಾದ್ರೆ ಯೋಜನೆ ಬಹಳ ಗಟ್ಟಿಯಾಗಿರಬೇಕು ಅಂತ ಮೆಚ್ಚಿಕೊಂಡ್ರು. ನಕ್ಷೆ ಕಳಿಸಿ ಅಂದ್ರು."

"ನಕ್ಷೆ ಇಲ್ವಲ್ಲ ಸರ್."

"ಅದನ್ನ ಅವರಿಗೆ ಹೇಳೋಕಾಗುತ್ತಾ? ಇಷ್ಟು ವರ್ಷದಿಂದ ಸಮಗ್ರ ಯೋಜನೆ ತಯಾರಾಗ್ತಿದೆ ಅಂತ ಬರೆದು ಕಳಿಸ್ತಾ ಇದ್ದೀವಿ. ತಯಾರಾಗಿಲ್ಲ ಅಂತ ಈಗ ಹೇಗೆ ಹೇಳೋದು?" ಸಾಹೇಬರು ಪತ್ರಿಕೆಗಳನ್ನು ಅವರ ಮುಂದೆ ತಳ್ಳಿದರು. "ಇದನ್ನ ನೋಡ್ಕೊಂಡು ನಕ್ಷೆ ಹಾಕು."

ಹೀಗೆ ನಕ್ಷೆಯವರು ತಮ್ಮ ಕಥೆಯನ್ನು ಅಳತೆಗೆ ಸರಿಯಾಗಿ, ಊರಿನ ಹಳೆಯ ನಕ್ಷೆಯ ಮೇಲೆ ಹಾಸಿದ ಟ್ರೇಸಿಂಗ್ ಹಾಳೆಗೆ ಇಳಿಸಲು ಕೂತರು. ಸಾಹೇಬರು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದರು. ರಸ್ತೆ ನಿಂತು ಯೋಚಿಸಿದ ಕಡೆ ಒಂದು ವೃತ್ತ ಬಿತ್ತು. ರಸ್ತೆ ಕಾಂಪೌಂಡಿಗೆ ಒರಗಿದ ಕಡೆ ತಡೆಗೋಡೆ ಬಂತು. ಕಾಂಪೌಂಡು ಬಿಟ್ಟು ಹೋಗುವಾಗ ಬೇಸರದಿಂದ ಒಮ್ಮೆ ಹಿಂತಿರುಗಿ ನೋಡಿತು ಎಂಬ ಸಾಲಿಗೆ ಸಾಹೇಬರು ಬಹಳ ಹೊತ್ತು ತಲೆ ಕೆರೆದುಕೊಂಡು, "ಅಲ್ಲೊಂದು ಅಪಾಯದ ತಿರುವು ಅಂತ ಫಲಕ ಹಾಕು," ಎಂದರು. ಸಾಹಿತ್ಯವನ್ನು ಇಷ್ಟು ಶ್ರದ್ಧೆಯಿಂದ ಓದಿದ ಓದುಗ ಇನ್ನೊಬ್ಬನಿರಲಾರ.

"ಇಟ್ಟಿಗೆ ಗೂಡಿನಿಂದ ಮುಂದೆ?"

"ಇನ್ನೂ ಬರೆದಿಲ್ಲ ಸರ್. ಇನ್ನೊಂದೇ ಅಧ್ಯಾಯ."

"ಈ ಶನಿವಾರ ಬರೆದು ಮುಗಿಸು. ರಸ್ತೆ ಅಂದ್ಮೇಲೆ ಹೆದ್ದಾರಿಗೆ ಹೋಗಿ ಸೇರಬೇಕು ತಾನೆ." ಸಾಹೇಬರು ಸ್ಕೇಲು ತೆಗೆದುಕೊಂಡು ಇಟ್ಟಿಗೆ ಗೂಡಿನಿಂದ ಊರಿನ ಇನ್ನೊಂದು ಬದಿಯ ಹೆದ್ದಾರಿಗೆ ನೇರವಾಗಿ ಇಟ್ಟರು. ಸ್ಕೇಲಿನ ಅಂಚು ಒಂದು ಪುಟ್ಟ ಚೌಕದ ಮೇಲೆ ಹಾದುಹೋಯಿತು. "ಇದ್ಯಾವುದಿದು?"

ಆ ಚೌಕವನ್ನು ಎಷ್ಟೋ ವರ್ಷದ ಹಿಂದೆ ತಾವೇ ಎಳೆದದ್ದು ನಕ್ಷೆಯವರಿಗೆ ನೆನಪಿತ್ತು. ಮನೆ ಕೊಂಡ ವಾರ, ಸಂತೋಷಕ್ಕೆ, ಬೇರೆಯವರ ಮನೆಗಿಂತ ಕೊಂಚ ದಪ್ಪ ಗೆರೆಯಲ್ಲಿ ಎಳೆದಿದ್ದರು.

"ಒಂದು ಮನೆ ಸರ್."

"ಯಾರದ್ದು?"

"ಒಬ್ಬರು ಹೊಲಿಗೆಯವರದ್ದು."

"ಚೆನ್ನಾಗಿರುತ್ತೆ," ಎಂದರು ಸಾಹೇಬರು. "ಕೊನೆಗೊಂದು ಕರುಳು ಹಿಂಡೋ ಪ್ರಸಂಗ ಬೇಕು. ಆದ್ರೆ ನಾನು ಬಲವಂತ ಮಾಡಲ್ಲ. ಕಥೆ ತಾನಾಗಿ ಎಲ್ಲಿ ತಿರುಗುತ್ತೋ ಅಲ್ಲಿ ತಿರುಗಲಿ. ತಿರುಗಲಿಲ್ಲ ಅಂದ್ರೆ ನೇರ ಗೆರೆ. ಏನಂತೀಯ?"

ಏನನ್ನುವುದು? ನಕ್ಷೆಯವರು ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವರು ಕತ್ತರಿಸುವ ಮೇಜಿನ ಮೇಲೆ ಕೈಯೂರಿ, ಕಿಟಕಿಯನ್ನು, ಮಿಷನ್ನುಗಳನ್ನು, ಗೋಡೆಗೆ ತೂಗುಹಾಕಿದ ಅರ್ಧ ಹೊಲಿದ ರವಿಕೆಗಳನ್ನು ಒಂದೊಂದಾಗಿ ನೋಡಿದರು.

"ಅಂದ್ರೆ ಈಗ ಈ ಕೋಣೆ ಉಳಿಯೋದೂ ಹೋಗೋದೂ ನಿಮ್ಮ ಪೆನ್ನಿನ ಮೇಲಿದೆ."

"ಹೌದು."

"ಅದು ಹೋದ ಕಡೆ ನೀವು ಹೋಗ್ತೀರಿ."

ನಕ್ಷೆಯವರು ತಲೆ ತಗ್ಗಿಸಿದರು.

"ಈ ಸಲ ಅದನ್ನ ಹಿಡ್ಕೊಂಡು ಬರೀರಿ," ಎಂದರು ಹೆಂಡತಿ. ಪ್ಯಾಟರ್ನ್ ಕತ್ತರಿಸುವ ಕಂದು ಕಾಗದವನ್ನು ಮೇಜಿನ ಮೇಲೆ ಹಾಸಿ, ಸೀಮೆಸುಣ್ಣ ಕೈಗೆತ್ತಿಕೊಂಡರು. "ಹೇಳಿ. ರಸ್ತೆ ಎಲ್ಲಿ ಏಳುತ್ತೆ?"

ನಕ್ಷೆಯವರ ಸಾಹಿತ್ಯ ಜೀವನದಲ್ಲಿ ಮೊದಲ ಬಾರಿಗೆ ಕಥೆಯೊಂದಕ್ಕೆ ಅಳತೆ ತೆಗೆಯಲಾಯಿತು. ಬಲಕ್ಕೆ ತಿರುಗಿಸಿದರೆ ಹೆಡ್ಮಾಸ್ಟರ ಗಿಡ. ಎಡಕ್ಕೆ ತಿರುಗಿಸಿದರೆ ಸಾಹೇಬರ ಅತ್ತೆಯ ಮನೆ. ಮುಂದಕ್ಕೆ ಬಿಟ್ಟರೆ ತಮ್ಮದೇ ಮಿಷನ್ನು. ಉಳಿದದ್ದು ಒಂದೇ ದಾರಿ: ರಸ್ತೆ ಹೊಲಿಗೆಯವಳ ಹೊಸ್ತಿಲವರೆಗೆ ಬಂದು, ಒಳಗೆ ಕಾಲಿಡಲೆಂದು ಕಾಲೆತ್ತಿ, ಮಿಷನ್ನಿನ ಸದ್ದು ಕೇಳಿ ಮನಸ್ಸು ಕರಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ನೀರಿನ ಟ್ಯಾಂಕಿನ ಬುಡದಲ್ಲಿ ಮತ್ತೆ ಮಣ್ಣಾಗಬೇಕು. ಹೆಂಡತಿ ಅದನ್ನು ಕಾಗದದ ಮೇಲೆ ಗುರುತು ಹಾಕಿದರು. "ಇಲ್ಲಿ ಮಡಚಿಬಿಡಿ. ಹೊಲಿಗೆ ಹೊರಗೆ ಕಾಣಬಾರದು."

ಅಧ್ಯಾಯವನ್ನು ಓದಿ ಸಂಪಾದಕರು ಮೂಗರಳಿಸಿ ಹಾಳೆಯನ್ನು ಮೂಸಿ ನೋಡುವವರ ಹಾಗೆ ಮಾಡಿದರು.

"ರಸ್ತೆ ಯಾಕೆ ಹಿಂದೆ ಹೋಗುತ್ತೆ?"

"ತಾನಾಗಿ ಹೋಯ್ತು."

"ಇಲ್ಲ. ಯಾರೋ ಕತ್ತು ಹಿಡಿದು ತಿರುಗಿಸಿದ್ದಾರೆ. ಇದರಲ್ಲಿ ಯೋಜನೆ ವಾಸನೆ ಬರ್ತಿದೆ, ನಕ್ಷೆಯವರೇ. ಗೊತ್ತಾದ ಕ್ಷಣ ಕಥೆ ಸತ್ತುಹೋಗುತ್ತೆ ಅಂತ ನೀವೇ ಹೇಳಿದ್ರಿ."

"ಸಾಯಲಿ ಬಿಡಿ," ಎಂದು ನಕ್ಷೆಯವರು ಅಂಗಲಾಚಿದರು. "ಒಂದಕ್ಷರ ಮುಟ್ಟದೆ ಹಾಕಿಬಿಡಿ."

ಸಂಪಾದಕರು ಒಂದಕ್ಷರವನ್ನೂ ಮುಟ್ಟಲಿಲ್ಲ. ಆದರೆ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಭಾವಮೈದ ಜಾಹೀರಾತು ತಂದ: 'ಬಸ್ ನಿಲ್ದಾಣದ ಪಕ್ಕದ ನಿವೇಶನಗಳು. ಇಂದೇ ಸಂಪರ್ಕಿಸಿ.' ಅದಕ್ಕೆ ಜಾಗ ಬೇಕಲ್ಲ, ಕಥೆಯ ಕೆಳಗಿನ ಅರ್ಧವನ್ನು ಎತ್ತಿ ಬಿಸಾಡಿದರು. ಶನಿವಾರ ಊರಿನ ಕೈಗೆ ಬಂದ ಅಧ್ಯಾಯ, ರಸ್ತೆ ಹೊಲಿಗೆಯವಳ ಹೊಸ್ತಿಲ ಮೇಲೆ ಕಾಲೆತ್ತಿದಲ್ಲಿಗೆ ಮುಗಿದಿತ್ತು.

"ಓದುಗರ ಕಲ್ಪನೆಗೆ ಬಿಟ್ಟಿದ್ದೀನಿ," ಎಂದರು ಸಂಪಾದಕರು. "ಈಗ ನೋಡಿ ಹೇಗೆ ಜೀವ ಬಂತು."

ಓದುಗರ ಕಲ್ಪನೆಗೆ ಕಷ್ಟವೇನೂ ಆಗಲಿಲ್ಲ. ಎತ್ತಿದ ಕಾಲನ್ನು ಇಡಲೇಬೇಕು. ಊರಿನಲ್ಲಿ ಹೊಸ್ತಿಲಾಚೆ ಮಿಷನ್ನಿದ್ದ ಮನೆ ಒಂದೇ. ಔಷಧಿ ಅಂಗಡಿಯವರು ಮತ್ತೆ ಬಂದರು. ಈ ಸಲ ಟಾನಿಕ್ಕು ತಂದಿದ್ದರು, ಕಣ್ಣಲ್ಲಿ ನೀರೂ ಇತ್ತು. "ನಮ್ಮ ಅಂಗಡಿ ಹೋಗುತ್ತೆ ಅಂತ ಹೊಟ್ಟೆ ಉರಿದುಕೊಂಡಿದ್ದೆ. ಸ್ವಂತ ಮನೆಯನ್ನೇ ಬಲಿ ಕೊಟ್ರಲ್ಲ ನಕ್ಷೆಯವರೇ, ನಿಮ್ಮ ಮುಂದೆ ನಾನೆಷ್ಟರವನು."

ಹೆಡ್ಮಾಸ್ಟರ ವರಾಂಡದಲ್ಲಿ ಸನ್ಮಾನವಾಯಿತು. ಒಂದು ಹಾರ, ಒಂದು ಗಡಿಯಾರ. "ತ್ಯಾಗ ಅನ್ನೋದನ್ನ ಪುಸ್ತಕದಲ್ಲಿ ಓದಿಸಿದ್ದೆ, ಕಣ್ಣಾರೆ ಕಂಡಿರಲಿಲ್ಲ," ಎಂದು ಹೆಡ್ಮಾಸ್ಟರು ಭಾಷಣ ಮಾಡಿದರು. ಮಾತಿನ ಮಧ್ಯೆ ತಮ್ಮ ಗಿಡಗಳ ಕಡೆ ಒಮ್ಮೆ ನೆಮ್ಮದಿಯಿಂದ ನೋಡಿಕೊಂಡರು. ಕಥೆಯ ಉಳಿದರ್ಧವನ್ನು ಓದಿ ಹೇಳಲು ನಕ್ಷೆಯವರು ಜೇಬಿಗೆ ಕೈ ಹಾಕಿದರೆ ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು. ಸಾಹೇಬರೂ ಬಂದಿದ್ದರು. ಮೆಲ್ಲಗೆ ಕಿವಿಯಲ್ಲಿ ಹೇಳಿದರು. "ನಿಂದೇ ಮನೆ ಅಂತ ಮೊದಲೇ ಹೇಳಬಾರದಾ? ಮೇಲಿನವರಿಗೆ ಹೇಳಿದೆ. ಅವರಿಗೂ ಕಣ್ಣು ತುಂಬಿ ಬಂತು. ಸೋಮವಾರ ನೇರ ಗೆರೆ ಎಳೆದು ಕೊಡು."

ನಕ್ಷೆಯವರು ಹಾರ ಹಾಕಿಕೊಂಡೇ ಮನೆಗೆ ಬಂದರು. ತೆಗೆಯಲು ಕೈ ಬರಲಿಲ್ಲ. ಹೆಂಡತಿ ಗಡಿಯಾರವನ್ನು ನೋಡಿದರು, ಹಾರವನ್ನು ನೋಡಿದರು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

"ಈ ಬೆಳಕು ಇನ್ನೆಲ್ಲಿ ಸಿಗುತ್ತೆ ರೀ?" ಎಂದು ಕಿಟಕಿಯ ಸರಳು ಹಿಡಿದು ಕೇಳಿದರು. "ನೂಲಿನ ಬಣ್ಣ ಸರಿಯಾಗಿ ಕಾಣೋ ಕಿಟಕಿ ಈ ಊರಲ್ಲಿ ಇನ್ನೊಂದಿದೆಯಾ? ನಿಮಗೇನು, ಗಡಿಯಾರ ಬಂತು. ಇಷ್ಟು ವರ್ಷ ಆ ಆಫೀಸಲ್ಲಿ ಕೂತು ಗೆರೆ ಎಳೆದ್ರಲ್ಲ, ನೀವು ಎಳೆದ ಗೆರೆ ಮೇಲೆ ಯಾರಾದ್ರೂ ಒಂದು ಬುಟ್ಟಿ ಜಲ್ಲಿ ಸುರಿದಿದ್ದಾರಾ? ಒಂದೇ ಒಂದು ರಸ್ತೆ ಆಗಿದೆಯಾ? ಒಂದು ಮೋರಿ? ಆಗೋದಾದ್ರೆ ನಮ್ಮ ಮನೆ ಮೇಲೇ ಆಗಬೇಕಾ?"

ನಕ್ಷೆಯವರಿಗೆ ಸಿಟ್ಟು ಬಂತು. ಮನೆ ಹೋಗುವುದು ಒಂದು ಕಡೆ ಇರಲಿ, ಇದು ವೃತ್ತಿಗೆ ಮಾಡಿದ ಅವಮಾನ. "ಯಾಕೆ ಆಗಿಲ್ಲ?" ಎಂದು ಬೆರಳೆತ್ತಿದರು. "ಆ ಸೇತುವೆ…" ಸೇತುವೆ ಆಗಿರಲಿಲ್ಲ. "ಉದ್ಯಾನವನ…" ಅದೂ ಇಲ್ಲ. "ಕೆರೆ ಪಕ್ಕದ ವರ್ತುಲ ರಸ್ತೆ…"

ಎತ್ತಿದ ಬೆರಳು ಹಾಗೇ ನಿಂತಿತು. ಅವರ ಮುಖದ ಮೇಲೆ, ಮೋಡ ಸರಿದು ಬಿಸಿಲು ಬಿದ್ದ ಹಾಗೆ, ಏನೋ ಹರಡತೊಡಗಿತು. ಹೆಂಡತಿಗೆ ಗಾಬರಿಯಾಯಿತು. "ಏನಾಯ್ತು ರೀ? ಟಾನಿಕ್ಕು ಕುಡಿದ್ರಾ?"

"ಒಂದೂ ಆಗಿಲ್ಲ ಕಣೇ," ಎಂದರು ನಕ್ಷೆಯವರು, ಪಿಸುಮಾತಿನಲ್ಲಿ. "ಒಂದೇ ಒಂದೂ ಆಗಿಲ್ಲ."

ಸೋಮವಾರ ಅವರು ಎಲ್ಲರಿಗಿಂತ ಮೊದಲು ಕಚೇರಿಗೆ ಹೋದರು. ತಮ್ಮ ಮನೆಯ ಮೇಲೆ, ಕತ್ತರಿಸುವ ಮೇಜಿನ ನಟ್ಟನಡುವೆ ಹಾದುಹೋಗುವಂತೆ, ಹೊಚ್ಚ ಹೊಸ ನಿಬ್ಬಿನಿಂದ ಗೆರೆ ಎಳೆದರು. ಅಷ್ಟು ಸುಂದರವಾದ ಗೆರೆಯನ್ನು ಅವರು ಯಾವತ್ತೂ ಎಳೆದಿರಲಿಲ್ಲ. ಸಾಹೇಬರಿಂದ ಸಹಿ ಹಾಕಿಸಿಕೊಂಡು, ಮೇಲಿನವರ ಕಚೇರಿಗೆ ತಾವೇ ಒಯ್ದು, ಮೊಹರು ಬೀಳುವವರೆಗೆ ಬಾಗಿಲಲ್ಲಿ ಕಾದು ನಿಂತರು.

"ಎಂಥ ನಿಸ್ವಾರ್ಥ," ಎಂದು ಮೇಲಿನವರು ಕನ್ನಡಕ ತೆಗೆದು ಒರೆಸಿಕೊಂಡರು. "ಸ್ವಂತ ಮನೆ ಒಡೆಯೋಕೆ ಇಷ್ಟು ಆತುರಪಡೋ ನೌಕರನ್ನ ನಾನು ನೋಡಿಲ್ಲ."

ಮಂಜೂರಾದ ನಕ್ಷೆಯನ್ನು ಜವಾನ ಸುರುಳಿ ಸುತ್ತಿದ. ಬೀರು ತುಂಬಿ ಹೋಗಿತ್ತು; ಬಾಗಿಲು ಮುಚ್ಚಲೊಲ್ಲದು. ನಕ್ಷೆಯವರು ತಾವೂ ಭುಜ ಕೊಟ್ಟು ತಳ್ಳಿದರು. ಒಳಗೆ ಒಂದು ಇಲಿ ಕಿಚಗುಟ್ಟಿತು. ಚಿಲಕ ಬಿತ್ತು.

ಕಾಲ ಕಳೆಯಿತು. ಮುಂದಿನ ಕೋಣೆಯಲ್ಲಿ ಎರಡೂ ಮಿಷನ್ನು ಓಡುತ್ತಿದ್ದವು. ಭಾವಮೈದ ಬಸ್ ನಿಲ್ದಾಣದ ದಾರಿ ಕಾಯುತ್ತ ಇಟ್ಟಿಗೆ ಗೂಡಿನಲ್ಲಿ ಕೂತೇ ಇದ್ದ. ಭಾವನ ಕಾಲು ಮುಟ್ಟುವುದನ್ನು ಬಿಟ್ಟಿದ್ದ. ಒಂದು ಬೆಳಿಗ್ಗೆ ಇನ್ಯಾವುದೋ ಇಲಾಖೆಯವರು ಗುದ್ದಲಿ ಹಿಡಿದು ಬಂದರು. ಅವರ ಕೈಯಲ್ಲಿ ನಕ್ಷೆಯಿರಲಿಲ್ಲ, ಕಾಗದವಿರಲಿಲ್ಲ, ಎಲ್ಲಿಗೆಂಬ ಚಿಂತೆಯೂ ಇದ್ದಂತಿರಲಿಲ್ಲ. ಅವರ ಮೇಸ್ತ್ರಿ ಬೀದಿಯಲ್ಲಿ ನಿಂತು ಆಚೀಚೆ ನೋಡಿ, ಆಕಳಿಸಿ, ಹೆಡ್ಮಾಸ್ಟರ ಕಾಂಪೌಂಡಿನ ಕಡೆ ಕೈ ತೋರಿಸಿದ. ಮಧ್ಯಾಹ್ನದ ಹೊತ್ತಿಗೆ ಗೋಡೆಯಿರಲಿಲ್ಲ. ಸಂಜೆಗೆ ಗಿಡಗಳೂ ಇರಲಿಲ್ಲ. ಮರುದಿನ ಅವರು ಅಗೆಯುತ್ತ ಔಷಧಿ ಅಂಗಡಿಯ ಎಡಗಡೆ ಗೋಡೆಯವರೆಗೆ ಬಂದು, ಅಲ್ಲಿ ನಿಂತು ಕೊಂಚ ಯೋಚಿಸಿದರು.

ಹೆಡ್ಮಾಸ್ಟರು ಓಡೋಡಿ ಬಂದಾಗ ನಕ್ಷೆಯವರು ಬಾಲ್ಕನಿಯಲ್ಲಿ ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದರು. ಹೆಂಡತಿ ಕೆಳಗೆ ಸಂಪಾದಕರ ಪ್ಯಾಂಟಿನ ಸೊಂಟವನ್ನು ಇನ್ನೊಮ್ಮೆ ಸಡಿಲ ಮಾಡುತ್ತಿದ್ದರು. ಹೆಡ್ಮಾಸ್ಟರ ಹಿಂದೆ ಔಷಧಿ ಅಂಗಡಿಯವರು. ಅವರ ಕೈಯಲ್ಲಿ ಸಿರಪ್ಪು, ಟಾನಿಕ್ಕು ಎರಡೂ.

"ಎಲ್ಲಿ ನಿನ್ನ ಗಂಡ?" ಎಂದರು ಹೆಡ್ಮಾಸ್ಟರು ಏದುಸಿರು ಬಿಡುತ್ತ. "ನಂಗೀಗ ಅರ್ಥ ಆಯ್ತಮ್ಮ. ನಕ್ಷೆಲಿ ರಸ್ತೆಗೆ ಸಿಕ್ಕಿರೋ ಮನೆಗಳೆಲ್ಲ ಗುಂಡುಕಲ್ಲಿನ ಹಾಗೆ ನಿಂತಿವೆ, ಸಿಗದಿರೋವು ಹೋಗ್ತಿವೆ. ಕಾಂಪೌಂಡು ಹೋಯ್ತು, ಮನೆಯಾದ್ರೂ ಉಳಿಯಲಿ. ಒಂದು ಹೊಸ ಕಾದಂಬರಿ ಶುರು ಮಾಡೋಕೆ ಹೇಳು. ಮೊದಲನೇ ಅಧ್ಯಾಯದಲ್ಲೇ ರಸ್ತೆ ನನ್ನ ನಡುಮನೆಯಲ್ಲಿ ಹಾದುಹೋಗಲಿ. ಅಡುಗೆಮನೆಯಲ್ಲೂ ಹೋಗಲಿ. ಬೇಕಾದ್ರೆ ದೇವರ ಕೋಣೆಯಲ್ಲಿ ಮಲಗಲಿ."

"ನಮ್ಮ ಅಂಗಡಿ ಎಡಗಡೆ ಗೋಡೆ ಮರೀಬೇಡಿ," ಎಂದರು ಔಷಧಿ ಅಂಗಡಿಯವರು ಹಿಂದಿನಿಂದ. "ಮೊದಲ ನಕ್ಷೆಯಲ್ಲಿ ಅದನ್ನ ಬಿಟ್ಟಿದ್ರಂತೆ."

ಹೆಂಡತಿ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಪ್ಯಾಂಟಿಗೆ ಚುಚ್ಚಿದರು. ಆಮೇಲೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಕಂದು ಕಾಗದವನ್ನು ಮೇಜಿನ ಮೇಲೆ ಹಾಸಿದರು.

"ಅವರು ಹಾಗೆಲ್ಲ ಸುಮ್ಮನೆ ಬರೆಯೋದನ್ನ ಬಿಟ್ಟಿದ್ದಾರೆ ಮೇಷ್ಟ್ರೇ," ಎಂದರು. "ಅಳತೆ ಕೊಟ್ಟು ಹೋಗಿ."